68 ಲಿಂಗಗಳ ಊರಲ್ಲಿ ಒಬ್ಬ ದೇವರು



ನಾನು ಸೇವೆಯಲ್ಲಿದ್ದ ಕಾಲದ ಮಾತು. ಬಸವಣ್ಣನವರ ಪಾಠ ಮುಗಿಸಿ, 'ಏಕದೇವೋಪಾಸನೆ' ಎಂಬ ಶಬ್ದವನ್ನು ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಅರ್ಥ ಹೇಳಿ, ಕೈಗೆ ಹತ್ತಿದ ಖಡು ಒರೆಸಿಕೊಳ್ಳುತ್ತಿದ್ದೆ. ಹಿಂದಿನ ಸಾಲಿನಿಂದ ಒಬ್ಬ ಹುಡುಗಿ ಎದ್ದು ನಿಂತಳು.

"ಸರ್, ದೇವ್ರು ಒಬ್ಬನೇ ಅಂತ ನೀವ ಹೇಳಿದ್ರಿ. ಮತ್ತ ಸೊಲ್ಲಾಪುರ ಜಾತ್ರ್ಯಾಗ 68 ಲಿಂಗಕ್ಕ ಎಣ್ಣಿ ಯಾಕ ಹಚ್ತಾರ್ರಿ?"

ಹುಡುಗರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಸಂಕ್ರಾಂತಿ ಮುಗಿದು ಇನ್ನೂ ವಾರವಾಗಿರಲಿಲ್ಲ. ಅರ್ಧ ತರಗತಿ ಆ ಜಾತ್ರೆ ನೋಡಿ ಬಂದಿತ್ತು.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದರೆ ಕಾಸರಗೋಡಿನ ಕಡೆಯ ಕನ್ನಡ ಶಾಲೆಯ ಬಂಧುಗಳು ಯಾರಾದರೂ ಓದುತ್ತಿದ್ದರೆ ಅವರಿಗಾಗಿ ಹೇಳುತ್ತೇನೆ. ನಮ್ಮ ವಳಸಂಗ ಸೊಲ್ಲಾಪುರ-ಅಕ್ಕಲಕೋಟೆ ರಸ್ತೆಯ ಮೇಲಿನ ಊರು. ಸೊಲ್ಲಾಪುರವೆಂದರೆ ವಚನಕಾರರ ಸೊನ್ನಲಿಗೆ, ಸಿದ್ಧರಾಮೇಶ್ವರರ ಊರು. ಅಲ್ಲಿ ಸಿದ್ಧರಾಮರು 68 ಲಿಂಗಗಳನ್ನು ಸ್ಥಾಪಿಸಿದರೆಂದು ನಂಬಿಕೆ. ಸಂಕ್ರಾಂತಿಯ ಗಡ್ಡಾ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಊರು ಸುತ್ತಿ ಆ ಲಿಂಗಗಳಿಗೆಲ್ಲ ಎಣ್ಣೆಯ ಅಭಿಷೇಕ ಮಾಡಿಸುತ್ತವೆ. ಮರಾಠಿ ಪತ್ರಿಕೆಗಳು ಆ ದಿನವನ್ನು 'ಯಣ್ಣೀಮಜ್ಜನ' ಎಂದು ಬರೆಯುತ್ತವೆ. ನಮ್ಮ 'ಎಣ್ಣೆ ಮಜ್ಜನ'ವೇ ಅದು! ಊರಿನ ಆಡಳಿತದ ಭಾಷೆ ಬದಲಾದರೂ ದೇವರ ಎಣ್ಣೆ ಕನ್ನಡದಲ್ಲಿಯೇ ಉಳಿದಿದೆ. ಇರಲಿ, ಅದು ಬೇರೆಯೇ ಲೇಖನದ ವಿಷಯ.

ಹುಡುಗಿಗೆ ಅಂದು ಒಂದು ಉತ್ತರ ಹೇಳಿದೆ. ಎಲ್ಲ ಲಿಂಗಗಳೂ ಒಬ್ಬ ಶಿವನ ಕುರುಹುಗಳೇ ಎಂದೆ. ತಪ್ಪೇನಿಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯುವಂಥದ್ದಲ್ಲ. 'ಒಬ್ಬನೇ ದೇವರು' ಎಂಬ ಮಾತು ಹಲವು ದೇವರ ನಡುವೆ ಹುಟ್ಟಿ ಬೆಳೆದವರ ಬಾಯಿಂದ ಮೊದಲು ಹೇಗೆ ಬಂದಿತು? ಬಂದ ಮೇಲೆ ಮನೆಯಲ್ಲಿದ್ದ ಉಳಿದ ದೇವರುಗಳು ಎಲ್ಲಿಗೆ ಹೋದವು?

ಈ ಎರಡನೆಯ ಪ್ರಶ್ನೆ ನನಗೆ ಪುಸ್ತಕದ ಪ್ರಶ್ನೆಯಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಏಕದೇವ ಎಂದ ಕೂಡಲೇ ನಮಗೆ ಯಹೂದಿಗಳು, ಕ್ರೈಸ್ತರು, ಮುಸಲ್ಮಾನರು ನೆನಪಾಗುತ್ತಾರೆ. ಇವರಲ್ಲಿ ಎಲ್ಲಕ್ಕಿಂತ ಹಳೆಯವರು ಯಹೂದಿಗಳ ಪೂರ್ವಜರಾದ ಇಸ್ರಾಯೇಲರು. ಅವರಿಗೆ ಮೊದಲ ದಿನದಿಂದಲೇ ಒಬ್ಬನೇ ದೇವರಿದ್ದನೆಂದು ನಾನೂ ತಿಳಿದಿದ್ದೆ. ಸೊಲ್ಲಾಪುರದ ಹಳೆ ಪುಸ್ತಕದ ಅಂಗಡಿಯಲ್ಲಿ ಕನ್ನಡದ ಸತ್ಯವೇದ ಸಿಕ್ಕಿತು, ಬೇಸಿಗೆ ರಜೆಯಲ್ಲಿ ಓದಿದೆ. ಓದುತ್ತ ಹೋದಂತೆ ಬೇರೆಯೇ ಚಿತ್ರ ಕಾಣಿಸಿತು. ತನ್ನ ಹೊರತು ಬೇರೆ ದೇವರುಗಳು ನಿನಗಿರಬಾರದು ಎಂಬುದು ಅವರ ಮೊದಲನೆಯ ಆಜ್ಞೆ. ಬೇರೆ ದೇವರು ಇಲ್ಲವೇ ಇಲ್ಲ ಎಂದು ಅಲ್ಲಿ ಹೇಳಿಲ್ಲ. 'ನಿನಗೆ' ಇರಬಾರದು, ಅಷ್ಟೇ. ನ್ಯಾಯಸ್ಥಾಪಕರ ಪುಸ್ತಕದಲ್ಲಿ ಯೆಪ್ತಾಹನೆಂಬ ನಾಯಕ ಎದುರಾಳಿ ರಾಜನಿಗೆ ಹೇಳಿ ಕಳಿಸುವ ಮಾತು ಇನ್ನೂ ಸೋಜಿಗದ್ದು: ನಿನ್ನ ದೇವರು ಕೆಮೋಷ್ ನಿನಗೆ ಕೊಟ್ಟ ನೆಲ ನಿನಗಿರಲಿ, ನಮ್ಮ ದೇವರು ನಮಗೆ ಕೊಟ್ಟದ್ದು ನಮಗೆ ಎನ್ನುತ್ತಾನೆ. ಹೊಲದ ಬದುವಿನ ತಂಟೆ ಬಗೆಹರಿಸುವಂತೆ ದೇವರುಗಳಿಗೂ ಸರಹದ್ದು ಹಾಕಿಬಿಡುತ್ತಾನೆ! ಗಡಿಯ ಜನರಾದ ನಮಗೆ ಈ ಮಾತು ಬೇಗ ತಿಳಿಯುತ್ತದೆ.

ಆ ಕೆಮೋಷ್ ದೇವರ ಕಡೆಯ ಹೇಳಿಕೆಯೂ ಸಿಕ್ಕಿದೆ. 1868ರಲ್ಲಿ ಈಗಿನ ಜೋರ್ಡಾನ್ ದೇಶದಲ್ಲಿ ಮೋವಾಬಿನ ರಾಜ ಮೇಷನ ಕಲ್ಲುಬರಹ ದೊರೆಯಿತು. ಕ್ರಿ.ಪೂ. 9ನೆಯ ಶತಮಾನದ್ದು. ಕೆಮೋಷ್ ತನ್ನ ನಾಡಿನ ಮೇಲೆ ಮುನಿದದ್ದರಿಂದ ಇಸ್ರಾಯೇಲರು ನಮ್ಮನ್ನು ಆಳಿದರು, ಆತ ಪ್ರಸನ್ನನಾದಾಗ ನಾನು ಗೆದ್ದೆ ಎಂದು ಆ ರಾಜ ಬರೆಸಿದ್ದಾನೆ. ದೇವರ ಹೆಸರೊಂದನ್ನು ಬದಲಿಸಿದರೆ ಸತ್ಯವೇದದ್ದೇ ಧಾಟಿ. ಅಂದರೆ ಇಬ್ಬರೂ ನೆರೆಯವರು, ಇಬ್ಬರಿಗೂ ಒಂದೊಂದು ಕುಲದೇವರು.

ಇನ್ನೊಂದು ಬರಹ ಇದಕ್ಕಿಂತ ಸ್ವಾರಸ್ಯದ್ದು. 1975-76ರಲ್ಲಿ ಸಿನಾಯ್ ಮರುಭೂಮಿಯ ಕುಂತಿಲೆತ್ ಅಜ್ರೂದ್ ಎಂಬಲ್ಲಿ ಉತ್ಖನನ ನಡೆಯಿತು. ದೊಡ್ಡ ಗಡಿಗೆಗಳ ಮೇಲೆ ಬರೆದ ಹರಕೆಯ ಮಾತುಗಳು ಸಿಕ್ಕವು, ಸುಮಾರು ಕ್ರಿ.ಪೂ. 800ರವು. ಸಮಾರ್ಯದ ಯೆಹೋವನ ಹೆಸರಿನಲ್ಲಿ, ತೇಮಾನಿನ ಯೆಹೋವನ ಹೆಸರಿನಲ್ಲಿ ಆಶೀರ್ವಾದ ಕೋರಿದ್ದಾರೆ. ಜೊತೆಗೆ 'ಅವನ ಅಶೇರ'ಳ ಹೆಸರೂ ಇದೆ. ಅಶೇರ ಎಂಬುದು ಆ ಸೀಮೆಯ ದೇವಿಯ ಹೆಸರು. ಇಲ್ಲಿ ಅದು ದೇವಿಯೋ, ದೇವಿಯ ಹೆಸರಿನ ಮರದ ಕಂಬವೋ ಎಂದು ವಿದ್ವಾಂಸರು ಇನ್ನೂ ವಾದಿಸುತ್ತಾರೆ. ನನಗೆ ಮಾತ್ರ ಊರಿನ ಹೆಸರುಗಳ ಮೇಲೆ ಕಣ್ಣು ನಿಂತಿತು. ಸಮಾರ್ಯದ ಯೆಹೋವ, ತೇಮಾನಿನ ಯೆಹೋವ... ಶ್ರೀಶೈಲದ ಮಲ್ಲಯ್ಯ, ಸೊನ್ನಲಿಗೆಯ ಮಲ್ಲಯ್ಯ ಎಂದು ನಾವು ಅಂದಂತೆಯೇ ಅಲ್ಲವೇ?

ಸಿದ್ಧರಾಮರ ಕಥೆಯೂ ಹೀಗೆ ಒಂದು ಊರಿನ ಮಲ್ಲಯ್ಯನಿಂದಲೇ ಆರಂಭವಾಗುತ್ತದೆ. ಮುದ್ದುಗೌಡ ಮತ್ತು ಸುಗ್ಗವ್ವೆಯರ ಮಗ. ಮಲ್ಲಯ್ಯನನ್ನು ಹುಡುಕಿಕೊಂಡು ಹುಡುಗ ಶ್ರೀಶೈಲಕ್ಕೆ ಹೋದದ್ದು, ಮರಳಿ ಬಂದು ಸೊನ್ನಲಿಗೆಯಲ್ಲಿ ಗುಡಿ ಕಟ್ಟಿಸಿದ್ದು, ಕೆರೆ ತೋಡಿಸಿದ್ದು, ಇದೆಲ್ಲವನ್ನು ರಾಘವಾಂಕ ಕಾವ್ಯ ಮಾಡಿದ್ದಾನೆ. ಗುಡಿ, ಲಿಂಗ, ಕೆರೆ. ನೆಲಕ್ಕೆ ಊರಿದ ಭಕ್ತಿ ಅದು. ಇಂದಿಗೂ ಸಿದ್ಧೇಶ್ವರ ಗುಡಿ ಕೆರೆಯ ನಡುವೆಯೇ ಇದೆ.

ಆ ಕೆರೆಯ ಕೆಲಸ ನಡೆದಾಗ ಅಲ್ಲಮಪ್ರಭು ಬಂದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಬಂದವರು ಕೈ ಮುಗಿಯಲಿಲ್ಲ. ಎಲ್ಲಿ ನಿಮ್ಮ ಒಡ್ಡ ರಾಮ ಎಂದು ಕೆಲಸದವರನ್ನು ಕೇಳಿದರು. ಮಣ್ಣು ಕಲ್ಲು ಹೊರುವವನೆಂಬ ಅರ್ಥದಲ್ಲಿ! ಕೆಲಸದವರು ರೊಚ್ಚಿಗೆದ್ದು ಕಲ್ಲು ತೂರಿದರು, ಸಿದ್ಧರಾಮರು ಸಿಟ್ಟಾದರು, ಆಮೇಲೆ ದೀರ್ಘ ವಾದ ನಡೆಯಿತು. ಕೊನೆಗೆ ಅಲ್ಲಮರ ಜೊತೆ ಕಲ್ಯಾಣಕ್ಕೆ ಹೋದ ಸಿದ್ಧರಾಮರು ಚೆನ್ನಬಸವಣ್ಣನವರಿಂದ ಇಷ್ಟಲಿಂಗ ಪಡೆದರು. ಊರ ತುಂಬ ಲಿಂಗ ಊರಿದವರ ಅಂಗೈಗೆ ಒಂದು ಲಿಂಗ ಬಂತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಶೂನ್ಯಸಂಪಾದನೆಯನ್ನು ಕೂಡಿಸಿದ್ದು 15ನೆಯ ಶತಮಾನದಲ್ಲಿ, ಅಂದರೆ ಸಿದ್ಧರಾಮರ ನಂತರ ಸುಮಾರು 300 ವರ್ಷಕ್ಕೆ. ಕೂಡಿಸಿದವರು ಇಷ್ಟಲಿಂಗವೇ ಸರಿಯೆಂದು ಆಗಲೇ ಒಪ್ಪಿಕೊಂಡಿದ್ದವರು. ಸತ್ಯವೇದದ ಅರಸರ ಚರಿತ್ರೆಯೂ ಹಾಗೆಯೇ. ಯಾವ ರಾಜ ಬೆಟ್ಟದ ಮೇಲಿನ ಪೂಜಾಸ್ಥಳಗಳನ್ನು ಕೆಡವಿದನೋ ಅವನಿಗೆ ಹೊಗಳಿಕೆ, ಉಳಿಸಿದವನ ಮೇಲೆ ಆಕ್ಷೇಪ. ಬರೆಯುವ ಹೊತ್ತಿಗೆ ತೀರ್ಪು ಆಗಿಹೋಗಿರುತ್ತದೆ. ಬರಹದ ನಡುವೆ ಸೋತವರ ದನಿ ಎಲ್ಲಿ ಕೇಳುತ್ತದೆಂದು ಕಿವಿಗೊಡಬೇಕು.

ಬಸವಣ್ಣನವರ ವಚನಗಳನ್ನೂ ಪ್ರವಾದಿಗಳ ಮಾತುಗಳನ್ನೂ ಒಂದರ ಪಕ್ಕ ಒಂದಿಟ್ಟು ಓದಿದಾಗ ನನಗಾದ ಬೆರಗನ್ನು ನಿಮಗೂ ಹೇಳಬೇಕು. ಒಬ್ಬನೇ ದೇವರಿಗೆ ನಿಷ್ಠೆಯಿಂದಿರುವುದನ್ನು ಬಸವಣ್ಣ ಗಂಡ-ಹೆಂಡಿರ ನಿಷ್ಠೆಗೆ ಹೋಲಿಸುತ್ತಾರೆ. ಕ್ರಿ.ಪೂ. 8ನೆಯ ಶತಮಾನದ ಪ್ರವಾದಿ ಹೋಶೇಯ ಇಡೀ ಇಸ್ರಾಯೇಲನ್ನು ಗಂಡನ ಬಿಟ್ಟು ಹೋದ ಹೆಂಡತಿಯೆಂದು ಕರೆದ. ಬೆಂಕಿ ಕಂಡರೆ ಮುದುರುವ, ಅರಗಿನಂತೆ ಕರಗುವ, ಕಷ್ಟ ಬಂದರೆ ಮಾರಬೇಕಾಗುವ, ಅಂಜಿಕೆಯಾದರೆ ನೆಲದಲ್ಲಿ ಹೂಳಬೇಕಾಗುವ ದೇವರು ಎಂಥ ದೇವರೆಂದು ಬಸವಣ್ಣ ಕೇಳುತ್ತಾರೆ. ಯೆಶಾಯನ ಪುಸ್ತಕದಲ್ಲೊಬ್ಬ ಬಡಗಿ ಬರುತ್ತಾನೆ. ಒಂದೇ ಮರದ ಅರ್ಧವನ್ನು ಒಲೆಗಿಟ್ಟು ರೊಟ್ಟಿ ಸುಟ್ಟುಕೊಂಡು, ಉಳಿದರ್ಧವನ್ನು ದೇವರ ಮೂರ್ತಿ ಮಾಡಿ ಅಡ್ಡಬೀಳುತ್ತಾನೆ. ಇಬ್ಬರಿಗೂ 1,600 ವರ್ಷಗಳಿಗೂ ಹೆಚ್ಚಿನ ಅಂತರ, ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದವರಲ್ಲ. ಆದರೆ ನಗುವ ರೀತಿ ಒಂದೇ. ಮನೆಯೊಳಗಿನವರೇ ಮನೆಯವರನ್ನು ಚುಚ್ಚುವ ನಗು ಅದು.

ಅವರ ಎಲೀಯನನ್ನು ಓದುವಾಗ ನನಗೆ ನಮ್ಮ ನೆರೆಯ ಆಳಂದದವನೇ ನೆನಪಾದ. ಎಲೀಯ ಕರ್ಮೆಲ್ ಬೆಟ್ಟದ ಮೇಲೆ ಬಾಳ್ ದೇವರ ಪ್ರವಾದಿಗಳಿಗೆ ಸವಾಲು ಹಾಕಿದ: ಯಾರ ದೇವರು ಬೆಂಕಿ ಕಳಿಸುತ್ತಾನೋ ಅವನೇ ದೇವರು. ಅಕ್ಕಲಕೋಟೆ ದಾಟಿ ಪೂರ್ವಕ್ಕೆ ಹೋದರೆ ಆಳಂದ. ಅಲ್ಲಿಯ ಏಕಾಂತದ ರಾಮಯ್ಯ ಹಾವೇರಿ ಸೀಮೆಯ ಅಬ್ಬಲೂರಿನಲ್ಲಿ ಜೈನರೊಡನೆ ಪಂಥ ಕಟ್ಟಿ, ತಲೆ ಕಡಿದುಕೊಂಡು, ಶಿವನಿಂದ ಮರಳಿ ಪಡೆದನೆಂದು ಅಲ್ಲಿಯ ಶಾಸನ ಹೇಳುತ್ತದೆ. ಬಿಜ್ಜಳ ಅವನಿಗೆ ಜಯಪತ್ರ ಕೊಟ್ಟನಂತೆ. ಪಂಥದ ಕೊನೆಯಲ್ಲಿ ಜಿನನ ಮೂರ್ತಿ ಒಡೆಯಿತು. ಕರ್ಮೆಲ್‌ನಲ್ಲಿ ಸೋತ ಪ್ರವಾದಿಗಳನ್ನು ಹಳ್ಳಕ್ಕೆ ಒಯ್ದು ಕೊಂದರು. ಈ ಭಾಗವನ್ನು ಓದಿ ಹೆಮ್ಮೆಪಡುವವರಿದ್ದಾರೆ. ನನಗೆ ಆಗುವುದಿಲ್ಲ. ಒಬ್ಬನೇ ದೇವರೆಂಬ ಮಾತು ಜಾತಿಯ ಮೇಲುಕೀಳನ್ನು ಮುರಿಯಲು ಕಲ್ಯಾಣದಲ್ಲಿ ನೆರವಾಯಿತು. ಅದೇ ಮಾತು ಇನ್ನೊಬ್ಬರ ಗುಡಿ ಮುರಿಯಲೂ ನೆರವಾಯಿತು. ಮಕ್ಕಳಿಗೆ ಮೊದಲನೆಯದನ್ನು ಮಾತ್ರ ಹೇಳಿದರೆ ಇತಿಹಾಸ ಕಲಿಸಿದಂತಾಗುವುದಿಲ್ಲ.

ಈಗ ನಮ್ಮ ಮನೆಯ ವಿಷಯ.

ನಮ್ಮ ಜಗಲಿಯ ಮೇಲೆ ಬೆಳ್ಳಿಯ ಟಾಕುಗಳಿದ್ದವು. ತೆಳು ತಗಡಿನ ಮೇಲೆ ಒತ್ತಿದ ದೇವರು: ತುಳಜಾಪುರದ ಅಂಬಾಬಾಯಿ, ನಳದುರ್ಗದ ಖಂಡೋಬ (ನಮ್ಮವರಿಗೆ ಮೈಲಾರಲಿಂಗ), ಸವದತ್ತಿಯ ಎಲ್ಲಮ್ಮ, ಇನ್ನೊಂದು ಸವೆದು ಸವೆದು ಯಾರೆಂದು ತಿಳಿಯದಂತಾದದ್ದು. ಅವ್ವ ಆ ಸವೆದದ್ದಕ್ಕೂ ಕುಂಕುಮ ಹಚ್ಚುತ್ತಿದ್ದಳು. ಅಪ್ಪನ ಕೊರಳಲ್ಲಿ ಇಷ್ಟಲಿಂಗ. 1971ರ ಶ್ರಾವಣದಲ್ಲಿ ಒಂದು ತಿಂಗಳು ಪ್ರವಚನ ಕೇಳಿದ ಅಪ್ಪ, ಕೈಯಲ್ಲಿ ಲಿಂಗವಿದ್ದ ಮೇಲೆ ಜಗಲಿಯಲ್ಲಿ ತಗಡು ಯಾಕೆ ಎಂದು ಟಾಕುಗಳನ್ನೆಲ್ಲ ಬಿಳಿ ಅರಿವೆಯಲ್ಲಿ ಕಟ್ಟಿ ಇಳಿಸಿಬಿಟ್ಟರು. ಹೊಳೆಗೆ ಬಿಡುವುದೆಂದು ಮಾತಾಯಿತು. ಗಂಟು ಜೋಳದ ಕಣಜದ ಹಿಂದೆ ಹೋಯಿತು. ಅವ್ವ ಆ ದಿನ ಒಂದು ಮಾತೂ ಆಡಲಿಲ್ಲ.

ಮುಂದೆ 1972ರ ಬರ. ಸೊಲ್ಲಾಪುರ ಜಿಲ್ಲೆಯ ನನ್ನ ವಾರಿಗೆಯವರಿಗೆ ಆ ಇಸವಿ ಹೇಳಿದರೆ ಸಾಕು. ರೇಷನ್ನಿನ ಕೆಂಪು ಮಿಲೋ ಜೋಳ, ಸಾಲೆಯಲ್ಲಿ ಹಂಚುವ ಸುಕಡಿ, ಸರ್ಕಾರದ ಕಾಮಗಾರಿಯ ಮೇಲೆ ಖಡಿ ಒಡೆಯುವ ಹೆಂಗಸರ ಸಾಲು. ಆ ಸಾಲಿನಲ್ಲಿ ನಮ್ಮ ಅವ್ವನೂ ಕೂತಿದ್ದಳು. ನನಗಾಗ ಎಂಟು ವರ್ಷ. ಬುತ್ತಿ ಕೊಡಲು ಹೋಗುತ್ತಿದ್ದೆ. ಒಂದು ರಾತ್ರಿ ಅಪ್ಪ ಊಟಕ್ಕೆ ಕೂತಾಗ ಅವ್ವ ಮೊದಲ ಸಲ ಬಾಯಿ ಬಿಟ್ಟಳು. "ದೇವ್ರು ಮನ್ಯಾಗ ಇದ್ದಾಗ ಕಣಜ ತುಂಬಿತ್ತು. ಇಳಿಸಿದ್ರಿ, ಮಳಿ ಹೋತು. ನಿಮ್ಮ ದೇವ್ರು ಒಬ್ಬನ ಇರ್ಲಿ, ನಾ ಏನೂ ಅನ್ನಂಗಿಲ್ಲ. ಆದ್ರ ನನ್ನ ತಾಯಿನ್ನ ಕತ್ತಲಾಗ ಯಾಕ ಇಟ್ರಿ?"

ಅಪ್ಪನ ಬಳಿ ಉತ್ತರವಿದ್ದಿರಬಹುದು. ಹೇಳಲಿಲ್ಲ.

ಬಹಳ ವರ್ಷಗಳ ನಂತರ ಯೆರೆಮೀಯನ ಪುಸ್ತಕದ 44ನೆಯ ಅಧ್ಯಾಯ ಓದುತ್ತಿದ್ದಾಗ ಪುಸ್ತಕ ಮುಚ್ಚಿಟ್ಟು ಅಂಗಳಕ್ಕೆ ಎದ್ದು ಹೋದೆ. ಅಲ್ಲಿ ಅವ್ವ ಮಾತಾಡುತ್ತಿದ್ದಳು! ಕ್ರಿ.ಪೂ. 622ರ ಸುಮಾರಿಗೆ ಯೋಷೀಯನೆಂಬ ಅರಸ ಯೆರೂಸಲೇಮಿನ ದೇವಾಲಯದಿಂದ ಅಶೇರಳ ಕಂಬವನ್ನು ಹೊರಗೆಳೆದು ಸುಡಿಸಿದ್ದ. ದೇವಿಗಾಗಿ ಹೆಂಗಸರು ಬಟ್ಟೆ ನೇಯುತ್ತಿದ್ದ ಮನೆಗಳನ್ನು ಕೆಡವಿಸಿದ್ದ. ಒಬ್ಬನೇ ದೇವರು, ಒಂದೇ ಗುಡಿ ಎಂದು ಸಾರಿದ್ದ. ಆ ದೇವಾಲಯವನ್ನೇ ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಸುಟ್ಟುಹಾಕಿದರು. ಐಗುಪ್ತಕ್ಕೆ ಓಡಿಹೋದ ಜನರಿಗೆ ಯೆರೆಮೀಯ, ಬೇರೆ ದೇವರನ್ನು ಪೂಜಿಸಿದ್ದಕ್ಕೇ ಈ ಗತಿ ಬಂತು ಎನ್ನುತ್ತಾನೆ. ಅವರು, ಮುಖ್ಯವಾಗಿ ಹೆಂಗಸರು, ಎದುರು ನಿಂತು ಹೇಳುತ್ತಾರೆ: ಗಗನದ ಒಡತಿಗೆ ಧೂಪ ಹಾಕುವಾಗ ಹೊಟ್ಟೆ ತುಂಬ ಊಟವಿತ್ತು, ಬಿಟ್ಟಂದಿನಿಂದ ಕತ್ತಿ ಮತ್ತು ಬರ ಎರಡೇ ಕಂಡಿದ್ದೇವೆ. ಗಂಡಸರಿಗೆ ತಿಳಿಯದೆ ನಾವೇನು ಹೋಳಿಗೆ ಮಾಡಿ ಎಡೆ ಹಿಡಿದೆವೇ ಎಂದೂ ಕೇಳುತ್ತಾರೆ.

ಪ್ರವಾದಿಯ ಪುಸ್ತಕವೇ ಅವರ ಮಾತನ್ನು ಅಳಿಸದೆ ಇಟ್ಟುಕೊಂಡಿದೆ. ಅದಕ್ಕಾಗಿ ಆ ಪುಸ್ತಕದ ಮೇಲೆ ನನಗೆ ಗೌರವ ಹೆಚ್ಚು. ಒಂದೇ ಬರ, ಅದಕ್ಕೆ ಇಬ್ಬರು ಎರಡು ಕಾರಣ ಹೇಳಿದರು. ಯಾರ ಲೆಕ್ಕ ಸರಿ ಎಂದು ಯಾವ ಮಾಪನದಿಂದ ಅಳೆಯುವುದು?

ಬಾಬಿಲೋನಿಗೆ ಸೆರೆ ಹೋದವರ ನಡುವೆಯೇ ಮುಂದಿನ ಹೆಜ್ಜೆ ಬಿತ್ತು. ಗುಡಿಯಿಲ್ಲ, ಅರಸನಿಲ್ಲ, ನೆಲವಿಲ್ಲ. ಆ ಕಾಲದ ನ್ಯಾಯದ ಪ್ರಕಾರ ಗೆದ್ದ ನಾಡಿನ ದೇವರು ದೊಡ್ಡವನು, ಸೋತವರ ದೇವರ ಕಥೆ ಮುಗಿಯಿತು. ಇವರು ಹಾಗೆನ್ನಲಿಲ್ಲ. ಬಾಬಿಲೋನಿನವರನ್ನು ಕಳಿಸಿದವನೂ ನಮ್ಮ ದೇವರೇ, ಅವರ ದೇವರುಗಳು ದೇವರೇ ಅಲ್ಲ ಎಂದರು. 'ನಿನಗೆ ಬೇರೆ ದೇವರು ಬೇಡ' ಎಂದಿದ್ದದ್ದು 'ಬೇರೆ ದೇವರೇ ಇಲ್ಲ' ಎಂದಾಯಿತು. ಯೆಶಾಯನ ಪುಸ್ತಕದ 40ನೆಯ ಅಧ್ಯಾಯದ ಮುಂದಿನ ಭಾಗದಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ. ಬಡಗಿಯ ಕಥೆಯೂ ಅದೇ ಭಾಗದ್ದು. ಗುಡಿ ಇಲ್ಲದವರಿಗೆ ಹೊತ್ತೊಯ್ಯಬಲ್ಲ ದೇವರು ಬೇಕಾಗಿದ್ದ. ನಮ್ಮಲ್ಲಿ ಕ್ರಮ ತಿರುಗುಮುರುಗು. ಕೊರಳಿಗೆ ಕಟ್ಟುವ ಲಿಂಗ ಮೊದಲೇ ಬಂದಿತ್ತು, ಕಲ್ಯಾಣ ಆಮೇಲೆ ಕೆಟ್ಟಿತು. 1167-68ರ ಗಲಭೆಯಲ್ಲಿ ಶರಣರು ಉಳವಿಯ ಕಡೆಗೆ, ಎಲ್ಲೆಲ್ಲಿಗೋ ಚದುರಿದಾಗ ಕೊರಳಲ್ಲಿ ದೇವರಿದ್ದ, ಬಗಲಲ್ಲಿ ವಚನದ ಕಟ್ಟಿತ್ತು. ಗುಡಿ ಕಳೆದುಕೊಂಡೆವೆಂದು ಅವರು ಅಳಬೇಕಾಗಲಿಲ್ಲ.

ಅಷ್ಟಾದರೂ ಎಲ್ಲೆಡೆ ಒಂದೇ ದಿನ ಎಲ್ಲ ಬದಲಾಗಲಿಲ್ಲ. ಐಗುಪ್ತದ ದಕ್ಷಿಣ ಗಡಿಯಲ್ಲಿ ನೈಲ್ ನದಿಯ ಎಲಿಫಂಟೈನ್ ನಡುಗಡ್ಡೆಯಲ್ಲಿ ಯಹೂದಿ ಸೈನಿಕರ ಒಂದು ಕಾಲನಿ ಇತ್ತು. ಕ್ರಿ.ಪೂ. 5ನೆಯ ಶತಮಾನದ ಅವರ ಕಾಗದಪತ್ರಗಳು ಸಿಕ್ಕಿವೆ. ಅಲ್ಲಿ ಅವರದೇ ಗುಡಿಯಿತ್ತು, ಯೆಹೋವನ ಹೆಸರಿನ ದೇಣಿಗೆಯ ಪಟ್ಟಿಯಲ್ಲಿ ಅನಾತ್‌ಬೇತೇಲ್ ಎಂಬ ದೇವಿಯ ಲೆಕ್ಕವೂ ಸೇರಿದೆ! ಗುಡಿಯನ್ನು ನೆರೆಯವರು ಕೆಡವಿದಾಗ ಮತ್ತೆ ಕಟ್ಟಲು ನೆರವು ಬೇಡಿ ಕ್ರಿ.ಪೂ. 407ರಲ್ಲಿ ಯೆಹೂದದ ಅಧಿಕಾರಿಗೆ ಅರ್ಜಿ ಬರೆದರು. ಒಂದೇ ಗುಡಿ ಎಂದು ರಾಜಧಾನಿಯಲ್ಲಿ ಸಾರಿ ಎರಡು ಶತಮಾನವಾಗಿತ್ತು. ಗಡಿಯವರಿಗೆ ಆ ಸುತ್ತೋಲೆ ಮುಟ್ಟಿರಲಿಲ್ಲವೆಂದು ತೋರುತ್ತದೆ. (ಸುತ್ತೋಲೆಗಳು ಗಡಿಯ ಶಾಲೆಗಳಿಗೆ ಎಷ್ಟು ಬೇಗ ಬರುತ್ತವೆಂದು ಓದುಗರಾದ ನಿಮಗೆ ಗೊತ್ತೇ ಇದೆ.)

ನಮ್ಮ ತಾಲೂಕಿನಲ್ಲಿ ಭೀಮಾ-ಸೀನಾ ಕೂಡುವ ಹತ್ತರಸಂಗ ಕೂಡಲಕ್ಕೆ ಹೋದವರು ಅಲ್ಲಿಯ ದೊಡ್ಡ ಲಿಂಗವನ್ನು ನೋಡಿರಬಹುದು. ಒಂದೇ ಲಿಂಗದ ಮೈಮೇಲೆ ಸಾಲುಸಾಲಾಗಿ 359 ಮುಖಗಳು. ಕೆತ್ತಿದವನಿಗೆ ಒಂದು, ಹಲವು ಎಂಬ ಜಗಳವೇ ಇರಲಿಲ್ಲವೇನೋ. ಶಾಲಾ ಪ್ರವಾಸದಲ್ಲಿ ಮಕ್ಕಳು ಎಣಿಸಲು ಹೋಗಿ ಪ್ರತಿಸಲ ಲೆಕ್ಕ ತಪ್ಪುತ್ತಿದ್ದರು.

1973ರಲ್ಲಿ ಮಳೆ ಬಂತು. ಆ ವರ್ಷದ ನವರಾತ್ರಿಗೆ ಅವ್ವ ಕಣಜದ ಹಿಂದಿನ ಗಂಟನ್ನು ತೆಗೆದಳು. ಜಗಲಿಯ ಮೇಲೆ ಇಡಲಿಲ್ಲ. ಅಡಿಗೆಮನೆಯ ಗೂಡಿನಲ್ಲಿ, ಉಪ್ಪಿನ ಗಡಿಗೆಯ ಹಿಂದೆ ಟಾಕುಗಳನ್ನು ಸಾಲಾಗಿ ನಿಲ್ಲಿಸಿ ಮುಂದೆ ಸಣ್ಣ ದೀಪ ಹಚ್ಚಿದಳು. ಅಪ್ಪ ನೋಡಿದರು. ಒಳಮನೆಯಲ್ಲಿ ತಮ್ಮ ಲಿಂಗಪೂಜೆ ಮುಗಿಸಿ ಬಂದು ಆ ದೀಪದ ಬೆಳಕಿನಲ್ಲಿಯೇ ಊಟಕ್ಕೆ ಕೂತರು. ಆಮೇಲೆ ಅವರಿಬ್ಬರೂ ಇರುವವರೆಗೆ ನಮ್ಮ ಮನೆಯಲ್ಲಿ ಹೀಗೆಯೇ ನಡೆಯಿತು.

ಈಗ ಆ ಟಾಕುಗಳು ನನ್ನ ಬಳಿ ಇವೆ. ನಾನು ಅವುಗಳ ಪೂಜೆ ಮಾಡುವುದಿಲ್ಲ. ಅಪ್ಪನ ಮಾತೇ ನನಗೆ ಸರಿ ಎನಿಸುತ್ತದೆ. ಕಷ್ಟ ಬಂದಾಗ ಗಂಟು ಕಟ್ಟಿ ಕಣಜದ ಹಿಂದೆ ಇಡಬಹುದಾದ ದೇವರನ್ನು ದೇವರೆನ್ನಲು ನನ್ನ ಬುದ್ಧಿ ಒಪ್ಪುವುದಿಲ್ಲ. ಆದರೆ ಹೊಳೆಗೆ ಬಿಡಲು ಕೈ ಬರುವುದಿಲ್ಲ. ಪುಣೆಯಲ್ಲಿರುವ ಮಗಳು ಕಳೆದ ದೀಪಾವಳಿಗೆ ಬಂದಾಗ ಅವುಗಳನ್ನು ಅಂಗೈಯಲ್ಲಿಟ್ಟುಕೊಂಡು, ಆ ಸವೆದ ಟಾಕು ಯಾರದೆಂದು ಕೇಳಿದಳು. ನನಗೆ ತಿಳಿಯದು. ಅವ್ವನಿಗೆ ತಿಳಿದಿತ್ತೋ ಏನೋ, ಕೇಳಿರಲಿಲ್ಲ.

ಸಿದ್ಧರಾಮರ ವಿಷಯದಲ್ಲಿ ಇನ್ನೊಂದು ಸಂಗತಿ ಉಳಿಯಿತು. ಅಂಗೈಗೆ ಲಿಂಗ ಬಂದ ಮೇಲೂ ಅವರ ವಚನದ ಅಂಕಿತ ಬದಲಾಗಲಿಲ್ಲ. ಬಸವಣ್ಣನವರ ಒಬ್ಬನೇ ದೇವರ ಹೆಸರು ಕೂಡಲಸಂಗಮದೇವ: ಎರಡು ಹೊಳೆ ಕೂಡುವ ಒಂದು ಊರಿನ ಗುಡಿಯ ದೇವರು. ಸಿದ್ಧರಾಮರ ಒಬ್ಬನೇ ದೇವರ ಹೆಸರು ಕಪಿಲಸಿದ್ಧ ಮಲ್ಲಿಕಾರ್ಜುನ. ಚಿಕ್ಕ ಹುಡುಗನಾಗಿದ್ದಾಗ ಹುಡುಕಿಕೊಂಡು ಶ್ರೀಶೈಲದ ಹಾದಿ ಹಿಡಿದಿದ್ದರಲ್ಲ, ಆ ಮಲ್ಲಯ್ಯನೇ.